ಚಿತ್ರಕಾರ್ಡಿನಲ್ಲಿ ಉಳಿದ ಮಂಡಾಲೆ

ಬಬಲೇಶ್ವರ

ನಾನು ಬರ್ಮಾ ದೇಶಕ್ಕೆ ಹೋದದ್ದು ಲುಂಗಿ ಬಟ್ಟೆಯ ವ್ಯಾಪಾರ ನೋಡಲಿಕ್ಕೆ. ತಿರುಗಿ ಬಂದ ಮೇಲೆ ಟಿಕೋಟಾದ ನನ್ನ ಅಂಗಡಿಗೆ ಬಂದವರೆಲ್ಲ ಕೇಳಿದ್ದು ಅತ್ತೆಯ ಸುದ್ದಿಯನ್ನು. ಆದ್ದರಿಂದ ಲುಂಗಿಯ ವಿಷಯ ಇಲ್ಲಿ ಬರುವುದಿಲ್ಲ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ ಎನ್ನುವುದು ಬೇರೆ ಮಾತು.

ನನ್ನ ಸೋದರತ್ತೆ ಗಂಗವ್ವನನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ಆಕೆಯ ಗಂಡ ಶಿವಲಿಂಗಪ್ಪ ಮಾವ ಒಬ್ಬ ಗುತ್ತಿಗೆದಾರನ ಕೈಕೆಳಗೆ ಮುಕಾದಮನಾಗಿ ಬರ್ಮಾಕ್ಕೆ ಹೋದವನು. ಅಲ್ಲಿ ಐರಾವತಿ ನದಿಗೆ ರೈಲು ಸೇತುವೆ ಕಟ್ಟುವಾಗ ಕಂಬಗಳ ಕೆಲಸಕ್ಕೆ ಆಳು ಹಚ್ಚುವುದು, ತೆಗೆಯುವುದು ಎಲ್ಲ ಅವನೇ. ಸೇತುವೆ ಮುಗಿದ ಮೇಲೂ ಹತ್ತಿರದ ಮಂಡಾಲೆ ಪಟ್ಟಣದಲ್ಲಿ ಉಳಿದ. ಮೂರು ನಾಲ್ಕು ವರ್ಷಕ್ಕೊಮ್ಮೆ ಊರಿಗೆ ಬರುವನು, ‘ಈ ಸಲ ನಿನ್ನ ಕರಕೊಂಡs ಹೋಗ್ತೇನಿ’ ಎನ್ನುವನು, ಒಬ್ಬನೇ ಹೋಗುವನು. ಯುದ್ಧ ಬಂದು ಮಂಡಾಲೆಯ ಮೇಲೆ ಬಾಂಬು ಬಿದ್ದಾಗ ಸಾವಿರಾರು ಜನರ ಸಂಗಡ ಗುಡ್ಡ ಕಾಡು ನಡೆದು ಮನೆ ಮುಟ್ಟಿದ. ಗಡ್ಡ ಬೆಳೆದು ಎಲುಬು ಎದ್ದು ಹೆಂಡತಿಗೇ ಗುರುತು ಸಿಗಲಿಲ್ಲವಂತೆ. ಸೊಂಟಕ್ಕೆ ನೀರು ತಾಗದ ಮೇಣಗಪಡದಲ್ಲಿ ಸುತ್ತಿ ಕಟ್ಟಿಕೊಂಡಿದ್ದ ಗಂಟು ಬಿಚ್ಚಿದರೆ ಒಳಗೆ ಬಂಗಾರವಿರಲಿಲ್ಲ, ಮಂಡಾಲೆಯ ಚಿತ್ರಗಳಿದ್ದ ಪೋಸ್ಟ್‌ಕಾರ್ಡುಗಳಿದ್ದವು.

ಆಮೇಲೆ ಅವನು ಬದುಕಿದ್ದು ಎರಡು ಮಳೆಗಾಲ. ದಿನಾ ಸಂಜೆ ಆ ಕಾರ್ಡುಗಳನ್ನು ಹಗ್ಗದ ಹೊರಸಿನ ಮೇಲೆ ಸಾಲಾಗಿ ಹಾಸಿ ಹೆಂಡತಿಯನ್ನು ಮಂಡಾಲೆಯಲ್ಲಿ ತಿರುಗಾಡಿಸುತ್ತಿದ್ದ. ಇಲ್ಲಿ ಠೇಸನ್ನು, ಇಲ್ಲಿ ಗಡಿಯಾರದ ಕಂಬ, ಇದು ಕಟ್ಟಿಗೆಯಲ್ಲಿ ಕೊರೆದ ಮಠ, ಇದು ಬಂಗಾರದ ಶಿಖರದ ಅರಮನೆ, ಇದು ನನ್ನ ಸೇತುವೆ. ಹೊರಗೆ ಗೌಡರ ಕಟ್ಟೆಯ ಮೇಲೆ ಕೂತವರಿಗೂ ಇದನ್ನೇ ಹೇಳುವನು. ಆ ಊರಿನ ಹೆಂಗಸರು ಲಟ್ಟಣಿಗೆಯಷ್ಟು ದಪ್ಪ ಚುಟ್ಟಾ ಸೇದುತ್ತಾರೆ, ಚಹಾದ ಎಲೆಯನ್ನು ಚಟ್ನಿ ಮಾಡಿ ತಿನ್ನುತ್ತಾರೆ, ಹೊಳೆಯ ಆ ದಂಡೆಯ ಮನುಷ್ಯ ಈ ದಂಡೆಗೆ ಕಾಣುವುದಿಲ್ಲ. ನಮ್ಮ ಊರ ಡೋಣಿ ಹಳ್ಳವನ್ನು ಧೋತರ ಎತ್ತಿಕೊಂಡು ದಾಟುವ ಜನ ಇದನ್ನು ಹೇಗೆ ನಂಬಬೇಕು? ಕಟ್ಟೆಯ ಯಜಮಾನನಂತಿದ್ದ ಚನ್ನಬಸಪ್ಪ ಅವನಿಗೆ ‘ಬರ್ಮಾ ಬುರುಡಿ’ ಎಂದು ಹೆಸರಿಟ್ಟ. ಚಿತ್ರಗಳನ್ನು ತೋರಿಸಿದರೆ, ‘ಇವನ್ನ ಯಾವನೋ ಚಿತ್ರಗಾರ ಬರದಾನ ತಗೋ’ ಎಂದ.

ನಮ್ಮ ಕಡೆ ಅಡ್ಡಹೆಸರು ಅಂಟಿಕೊಂಡರೆ ಏಳು ತಲೆಮಾರು ಬಿಡುವುದಿಲ್ಲ. ಮಾವ ಸತ್ತ ಮೇಲೆ ಮನೆಗೇ ಆ ಹೆಸರಾಯಿತು. ‘ಬುರುಡಿಯವರ ಮನಿ ಎಲ್ಲೈತ್ರಿ’ ಎಂದರೆ ಹುಡುಗರೂ ಅತ್ತೆಯ ಬಾಗಿಲು ತೋರಿಸುವರು. ಯುದ್ಧ ಮುಗಿದ ಮೇಲೆ ನಾನು ಬರ್ಮಾಕ್ಕೆ ಹೊರಟಿದ್ದು ತಿಳಿದ ದಿನವೇ ಅತ್ತೆ ಗಾಡಿ ಕಟ್ಟಿಸಿಕೊಂಡು ಟಿಕೋಟಾಕ್ಕೆ ಬಂದಳು.

“ಬರೂ ವರ್ಷ ಮೊಮ್ಮಗನ್ನ ಸಾಲಿಗಿ ಹಚ್ಚೂದೈತಿ. ಮಾಸ್ತರ ಏನಂತ ಹೆಸರ ಬರಕೋತಾನ? ಬುರುಡಿ ಅಂತ ಬರಕೋತಾನ. ನಾ ಕಣ್ಣಲೆ ನೋಡಿ ಬರ್ತೇನಿ, ಮಲ್ಲ್ಯಾ. ಐತಿ ಅಂದ್ರ ಐತಿ, ಇಲ್ಲಂದ್ರ ಇಲ್ಲ.”

ಬೇಡವೆಂದು ಎಷ್ಟು ಹೇಳಿದೆನೋ ಅಷ್ಟೂ ಗಾಳಿಗೆ ಹೋಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿಯೇ ಇರುತ್ತದೆ, ಆದರೆ ಅತ್ತೆಯ ಎದುರು ಅದು ಮೂಗು ಬಿಟ್ಟು ಮುಂದೆ ಬರುವುದಿಲ್ಲ.

ವಿಜಾಪುರ

ಸ್ಟೇಷನ್ನಿಗೆ ಹೋಗುವ ಟಾಂಗಾ ಬಾರಾಕಮಾನಿನ ಮಗ್ಗುಲಿಗೆ ಹಾದಾಗ ಅತ್ತೆ ಎಂದಿನಂತೆ ತಲೆ ಹೊರಗೆ ಹಾಕಿ ನೋಡಿದಳು. ಪರಸ್ಥಳದವರು ಅದನ್ನು ನೋಡಿ ‘ಅಯ್ಯೋ, ಹಾಳು ಬಿದ್ದಿದೆ’ ಎನ್ನುತ್ತಾರೆ. ನಮ್ಮವರು ಹಾಗೆ ಅನ್ನುವುದಿಲ್ಲ. ಬಾದಶಹಾ ತನ್ನ ಗೋರಿಯನ್ನು ಗೋಳಗುಮ್ಮಟಕ್ಕಿಂತ ಮಿಗಿಲಾಗಿ ಕಟ್ಟಿಸಬೇಕೆಂದು ಸುರು ಮಾಡಿದ, ನಡುವೆ ಸತ್ತ, ಕಮಾನುಗಳು ಮಾಡು ಇಲ್ಲದೆ ಹಾಗೆಯೇ ಉಳಿದವು.

“ಕೆಲಸ ನಿಂತೈತಿ,” ಎಂದಳು ಅತ್ತೆ.

ಗೌಂಡಿಗಳು ಬುತ್ತಿ ಉಣ್ಣಲು ಹೋಗಿದ್ದಾರೆ, ಇನ್ನೇನು ಬಂದಾರು ಎನ್ನುವ ಧಾಟಿಯಲ್ಲಿ ನಮ್ಮ ಅಜ್ಜಂದಿರೂ ಹೀಗೆಯೇ ಹೇಳುತ್ತಿದ್ದರು. ಈ ಮಾತನ್ನು ಇಲ್ಲಿ ಯಾಕೆ ಬರೆದೆನೆಂಬುದು ಮುಂದೆ ತಿಳಿಯುತ್ತದೆ.

ಹಡಗು, ರಂಗೂನ್

ಗದಗ, ಗುಂತಕಲ್ಲು ಹಾದು ಮದ್ರಾಸಿಗೆ ಬಂದು ಹಡಗು ಹತ್ತಿದೆವು. ಕಡಲು ಕಂಡರೆ ಅತ್ತೆ ಹೌಹಾರುತ್ತಾಳೆಂದು ನಾನು ಧೈರ್ಯದ ಮಾತುಗಳನ್ನು ಕೂಡಿಸಿಟ್ಟುಕೊಂಡಿದ್ದೆ. ಹಡಗು ದಂಡೆ ಬಿಟ್ಟು ಸ್ವಲ್ಪ ಹೊತ್ತಿಗೆ ನಾನು ಕಟಕಟೆಗೆ ಜೋತುಬಿದ್ದು ವಾಂತಿ ಮಾಡುತ್ತಿದ್ದೆ, ಅತ್ತೆ ನನ್ನ ಬೆನ್ನು ತಿಕ್ಕುತ್ತಿದ್ದಳು. “ಇಷ್ಟು ನೀರು ಐತಿ, ಒಂದು ತಂಬಿಗಿ ಕುಡಿಯಾಕ ಬರೂದಿಲ್ಲ ನೋಡು. ಡೋಣೀನೂ ಹಂಗs, ಉಪ್ಪs,” ಎಂದು ಕಡಲಿಗೂ ನಮ್ಮ ಹಳ್ಳಕ್ಕೂ ಸಂಬಂಧ ಹಚ್ಚಿದಳು.

ರಂಗೂನಿನ ಸುಂಕದ ಕಟ್ಟೆಯಲ್ಲಿ ಒಂದು ಫಜೀತಿಯಾಯಿತು. ಅತ್ತೆ ಧೋತರದಲ್ಲಿ ಕಟ್ಟಿ ತಂದಿದ್ದ ಒಣ ಜೋಳದ ರೊಟ್ಟಿಗಳ ಗಂಟನ್ನು ಅಧಿಕಾರಿ ಬಿಚ್ಚಿಸಿದ. ಬೆರಳಿನಿಂದ ಬಡಿದ, ಟಕಟಕ ಅಂದಿತು. ಮನೆಗೆ ಹೊದಿಸುವ ಹಂಚನ್ನು ಧೋತರದಲ್ಲಿ ಕಟ್ಟಿ ಯಾಕೆ ತಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಉತ್ತರ ಹುಡುಕುವುದರೊಳಗೆ ಅತ್ತೆ ಒಂದನ್ನು ಮುರಿದು ಗುರೆಳ್ಳು ಚಟ್ನಿ ಹಚ್ಚಿ ಅವನ ಕೈಗೆ ಕೊಟ್ಟಳು. ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ನಮ್ಮನ್ನು ಬಿಟ್ಟುಕೊಟ್ಟ.

ಹೊರಗೆ ಬಂದರೆ ಒಬ್ಬ ಮುದುಕಿ ಬುಟ್ಟಿಯ ಮುಂದೆ ಕೂತು ಬಿಳಿ ಎಲೆ ಸುತ್ತಿದ ಚುಟ್ಟಾ ಸೇದುತ್ತಿದ್ದಳು. ನಿಜಕ್ಕೂ ಲಟ್ಟಣಿಗೆಯಷ್ಟು ದಪ್ಪ. ಅತ್ತೆ ಗಕ್ಕನೆ ನಿಂತು ನನ್ನ ರಟ್ಟೆ ಹಿಡಿದಳು. ಕಿಡಿ ಬಿದ್ದು ಉಟ್ಟ ಲುಂಗಿ ಸುಡದಿರಲೆಂದು ಮುದುಕಿ ಚುಟ್ಟಾದ ಕೆಳಗೆ ತೆಂಗಿನ ಚಿಪ್ಪು ಹಿಡಿದಿದ್ದಳು.

“ಅವರು ಚಿಪ್ಪಿನ ಮಾತೂ ಹೇಳಿದ್ರೋ, ಮಲ್ಲ್ಯಾ. ಕಟ್ಟಿಮ್ಯಾಗ ಎಷ್ಟು ನಕ್ಕಿದ್ರು ಆವಾಗ!”

ಅಂದಿನಿಂದ ನಮ್ಮ ಪ್ರಯಾಣದ ಧಾಟಿಯೇ ಬದಲಾಯಿತು. ಮಾವ ಹೇಳಿದ ಒಂದೊಂದು ಸುಳ್ಳೂ ಅತ್ತೆಯ ಕಣ್ಣೆದುರು ಎದ್ದು ಬಂದು ಖರೆಯಾಗತೊಡಗಿತು. ಮನೆಮನೆಯ ಮುಂದೆ ಕಟ್ಟಿಗೆಯ ಗೂಡಿನಲ್ಲಿ ದಾರಿಹೋಕರಿಗಾಗಿ ತಣ್ಣೀರಿನ ಮಡಕೆ ಇಟ್ಟಿದ್ದರು, ಮೇಲೆ ಬೋರಲು ಹಾಕಿದ ಚಿಪ್ಪಿನ ಸೌಟು. ನಮ್ಮಲ್ಲಿ ಬೇಸಿಗೆಗೊಂದು ಅರವಟ್ಟಿಗೆ ಇಟ್ಟವನು ಅದನ್ನು ಹತ್ತು ಜನರಿಗೆ ಹೇಳುತ್ತಾನೆ. ಇಲ್ಲಿ ವರ್ಷವಿಡೀ ಇಡುತ್ತಾರೆ, ಯಾರಿಟ್ಟರೆಂದು ಕೇಳುವವರೂ ಇಲ್ಲ.

ಮಂಡಾಲೆ

ರೈಲು ನಡೆದುದಕ್ಕಿಂತ ನಿಂತದ್ದೇ ಹೆಚ್ಚು. ದಾರಿಯುದ್ದಕ್ಕೂ ಹೊಳೆಯಲ್ಲಿ ಮಗುಚಿದ ಗಾಡಿ, ಸುಟ್ಟ ಸ್ಟೇಷನ್ನು. ಮಂಡಾಲೆಯಲ್ಲಿ ಇಳಿದಾಗ ಬೆಳಗಾಗಿತ್ತು. ಸ್ಟೇಷನ್ನೆಂದರೆ ನಾಲ್ಕು ಕಂಬ, ಮೇಲೆ ತಗಡು. ನಾನು ದಾರಿ ಕೇಳಲು ಹೋಗಿ ಇಬ್ಬರಿಂದ ಎರಡು ದಿಕ್ಕು ಹೇಳಿಸಿಕೊಂಡು ಸಿಟ್ಟಿನಿಂದ ಬಂದರೆ, ಅತ್ತೆ ನೆಲದ ಮೇಲೆ ಕೂತು ಮೇಣಗಪಡ ಬಿಚ್ಚಿ ಕಾರ್ಡುಗಳನ್ನು, ಮಾವ ಹೊರಸಿನ ಮೇಲೆ ಹಾಸುತ್ತಿದ್ದ ಹಾಗೆ, ಹಾಸಿದ್ದಳು.

“ಠೇಸನ್ ಬೆನ್ನಿಗಿ ಹಾಕ್ಕೊಂಡು ನೆಟ್ಟಗ ನಡೀಬೇಕು. ಆಮ್ಯಾಲೆ ಎಡಕ್ಕ. ಬಾ ನನ್ನ ಹಿಂದ.”

ಅಕ್ಷರ ಗೊತ್ತಿಲ್ಲದ, ವಿಜಾಪುರದ ಆಚೆ ಹೆಜ್ಜೆ ಇಡದ ಹೆಂಗಸು ಪರದೇಶದ ಪಟ್ಟಣದಲ್ಲಿ ತವರೂರಿನ ಓಣಿಯಲ್ಲಿ ಹೋದ ಹಾಗೆ ಮುಂದೆ ಮುಂದೆ ಹೋದಳು. ಎರಡೂ ಕಡೆ ಸುಟ್ಟ ಗೋಡೆ, ಹುಲ್ಲು, ಬಿದಿರಿನ ಹೊಸ ಗುಡಿಸಲು. ಆಕೆಯ ಕೈಯಲ್ಲಿದ್ದ ಊರು ಕಣ್ಣಿಗೆ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಒಂದು ತಿರುವಿನಾಚೆ ಬಿಸಿಲಿನಲ್ಲಿ ಗಡಿಯಾರದ ಕಂಬ ನಿಂತಿತ್ತು. ಕಾರ್ಡಿನಲ್ಲಿ ಇದ್ದ ಹಾಗೆಯೇ, ಮೇಲಿನ ಚಿಕ್ಕ ಕಳಸದ ಸಮೇತ! ಅತ್ತೆ ಚಿತ್ರವನ್ನು ಎತ್ತಿ ಹಿಡಿದು ಅದರ ಪಕ್ಕದಲ್ಲಿ ಕಂಬವನ್ನು ನೋಡಿದಳು. ನಡುಬೀದಿಯಲ್ಲಿ ಕೈ ಮುಗಿದಳು. ಗಡಿಯಾರಕ್ಕೆ ಕೈ ಮುಗಿಯುವವರನ್ನು ನಾನು ಅಂದೇ ಮೊದಲು ನೋಡಿದ್ದು, ನಗು ಮಾತ್ರ ಬರಲಿಲ್ಲ.

ಕಂಬದ ನೆರಳಿನಲ್ಲಿ ಒಂದು ಚಹಾದ ಅಂಗಡಿ. ಯಜಮಾನ ಊ ಟಿನ್ ಎಂಬ ಮುದುಕ. ‘ಊ’ ಎಂದರೆ ಅವರಲ್ಲಿ ನಮ್ಮ ‘ಅಪ್ಪ’ ಇದ್ದ ಹಾಗೆ, ಮರ್ಯಾದೆಯ ಮಾತು. ನನ್ನದು ವಿಜಾಪುರದ ದಖನಿ ಉರ್ದು, ಅವನದು ಮಂಡಾಲೆ ಬಜಾರಿನ ಹಿಂದೂಸ್ತಾನಿ. ಎರಡೂ ಕುಂಟು, ಹೇಗೋ ಜೊತೆಯಾಗಿ ನಡೆದವು. ಅವನು ತಟ್ಟೆಯಲ್ಲಿ ತಂದಿಟ್ಟದ್ದನ್ನು ನಾನು ಸೊಪ್ಪಿನ ಪಲ್ಯವೆಂದು ಬಾಯಿಗೆ ಹಾಕಿ ಮುಖ ಕಿವಿಚಿದೆ. ಅತ್ತೆ ಮಾತ್ರ ನಿಧಾನವಾಗಿ ಅಗಿದು, “ಚಹಾದ ಚಟ್ನಿ,” ಎಂದು ಕಣ್ಣು ಮುಚ್ಚಿದಳು.

ಊ ಟಿನ್ ಕಾರ್ಡುಗಳನ್ನು ಕಂಡದ್ದು ಆಗ. ಅವನ ಕೈಯಲ್ಲಿದ್ದ ಕೆಟಲು ಹಾಗೆಯೇ ನಿಂತಿತು. ಯುದ್ಧಕ್ಕೆ ಮುಂಚೆ ಇದೇ ಜಾಗದಲ್ಲಿ ಇಂಥ ಕಾರ್ಡುಗಳನ್ನು ಮಾರುತ್ತಿದ್ದವನು ಅವನು.

“ಬಿಳಿಯ ಜನ ಕೊಳ್ಳುತ್ತಿದ್ದರು,” ಎಂದ. “ನಮ್ಮ ಊರಿನವರು ಯಾರೂ ಒಂದು ಕಾರ್ಡು ಕೊಳ್ಳಲಿಲ್ಲ. ದಿನಾ ಕಾಣುವುದಕ್ಕೆ ಚಿತ್ರ ಯಾಕೆ? ಈಗ ಊರೂ ಇಲ್ಲ, ಚಿತ್ರವೂ ಇಲ್ಲ.”

ಈ ಮಾತು ನನಗೆ ಚುಚ್ಚಿತು. ನಮ್ಮ ಮನೆಯಲ್ಲಿ ಗೋಳಗುಮ್ಮಟದ ಚಿತ್ರ ಒಂದೂ ಇಲ್ಲ.

ಅವನು ಬೀದಿಗೆ ಹೋಗಿ ಏನೋ ಕೂಗಿದ. ಜನ ಬಂದರು, ತಮ್ಮ ಸುಟ್ಟ ಊರನ್ನು ನೋಡಲು ಅತ್ತೆಯ ಸುತ್ತ ಕೂತರು. ಕೊರೆದ ಕಟ್ಟಿಗೆಯ ಮಠದ ಚಿತ್ರವನ್ನು ಒಬ್ಬ ಹೆಂಗಸು ಎರಡೂ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. ಮಠದ ಬಾಗಿಲ ಬಲಕ್ಕೆ ಏನಿತ್ತು ಎಂದು ಅವರಲ್ಲಿಯೇ ವಾದ ಹತ್ತಿತು. ಊ ಟಿನ್ ಅದನ್ನು ನನಗೆ ಹೇಳಿದ, ನಾನು ಅತ್ತೆಗೆ ಹೇಳಿದೆ.

“ಹುಣಚಿ ಗಿಡ,” ಎಂದಳು ಅತ್ತೆ ಥಟ್ಟನೆ. “ಚಿತ್ರದಾಗ ಬಂದಿಲ್ಲ. ಅದರ ನೆಳ್ಳಾಗ ಅವರು ಬುತ್ತಿ ಉಣತಿದ್ರು.”

ನಾನು ತಿಳಿಸಿದೆ. ಆ ಹೆಂಗಸು ಅಳುತ್ತ ನಗುತ್ತ ಹೌದು ಹೌದೆಂದು ತಲೆ ಆಡಿಸಿದಳು. ಬಬಲೇಶ್ವರದ ಹೊರಸಿನ ಮೇಲೆ ನೆಟ್ಟ ಒಂದು ಹುಣಸೆಯ ಮರ ಮಂಡಾಲೆಯಲ್ಲಿ ನೆರಳು ಕೊಡುತ್ತಿತ್ತು.

ಅರಮನೆ

ಮರುದಿನ ಊ ಟಿನ್ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ನಮ್ಮ ಜೊತೆ ಹೊರಟ. ಅರಮನೆಗೆ ಕೋಟೆಯಿದೆ, ಕೋಟೆಗೆ ಕಂದಕವಿದೆ. ನಮ್ಮ ವಿಜಾಪುರದ ಕಂದಕದಲ್ಲಿ ಎಮ್ಮೆ ಮೇಯುತ್ತವೆ. ಇದರಲ್ಲಿ ಕಣ್ಣು ಹರಿಯುವವರೆಗೆ ನೀರು, ನೀರಿನ ಮೇಲೆ ತಾವರೆ, ಆಚೆ ಕೆಂಪು ಗೋಡೆ ಅದೆಷ್ಟು ದೂರ ಹೋಗಿತ್ತೋ. ನೋಡುತ್ತ ನಿಂತವನಿಗೆ ಬಾಯಿ ಮುಚ್ಚುವುದೇ ಮರೆತುಹೋಯಿತು.

ಬಾಗಿಲಲ್ಲಿ ಪಹರೆಯ ಸಿಪಾಯಿ ತಡೆದ. ಅವನ ಮುಖ ನೋಡಿದವಳೇ ಅತ್ತೆ ಮರಾಠಿಯಲ್ಲಿ ಊರು ಯಾವುದೆಂದು ಕೇಳಿದಳು. ಸಾತಾರೆಯವನು, ಯುದ್ಧಕ್ಕೆಂದು ಬಂದ ದಂಡಿನವನು! ಗಂಟಿನಿಂದ ರೊಟ್ಟಿ ಹೊರಬಂತು. “ಭಾಕರಿ!” ಎಂದು ಅವನು ಕೂಗಿದ್ದನ್ನು ಕೇಳಿದರೆ ಹೆತ್ತ ತಾಯಿಯನ್ನು ಕಂಡನೆನ್ನಬೇಕು. ರೊಟ್ಟಿ ಮುರಿಯುತ್ತ ತಾನೂ ನಮ್ಮೊಡನೆ ಒಳಗೆ ಬಂದ.

ಒಳಗೆ ಏನೂ ಇರಲಿಲ್ಲ. ಇಟ್ಟಿಗೆಯ ದೊಡ್ಡ ಕಟ್ಟೆ, ಅದಕ್ಕೆ ಹತ್ತುವ ಮೆಟ್ಟಿಲು, ಮೇಲೆ ಹುಲ್ಲು. ಸಾಗವಾನಿಯ ಅರಮನೆ ಯುದ್ಧದ ಕಡೆಯಲ್ಲಿ ಸುಟ್ಟು ಬೂದಿಯಾಗಿತ್ತು. ಅತ್ತೆ ಮೆಟ್ಟಿಲ ಮೇಲೆ ಕಾರ್ಡು ಇಟ್ಟು ಕೇಳಿದಳು, “ಶಿಖರ ಎಲ್ಲಿತ್ತು ಕೇಳು ಅವಗ.”

ಊ ಟಿನ್ ಚಪ್ಪಲಿ ಬಿಟ್ಟ. ಕಟ್ಟೆ ಹತ್ತಿ ಒಂದು ಜಾಗದಲ್ಲಿ ನಿಂತು ಬೆರಳೆತ್ತಿದ. ಇಲ್ಲಿ ಒಂದನೆಯ ಮಾಡು ಎಂದ. ಬೆರಳು ಒಳಕ್ಕೆ ಸರಿದು ಮೇಲೇರಿತು, ಎರಡನೆಯದು. ಹಾಗೆಯೇ ಒಂದರ ಮೇಲೊಂದು, ಮೇಲೆ ಹೋದಂತೆ ಚಿಕ್ಕದಾಗುತ್ತ, ತುದಿಯಲ್ಲಿ ಬಂಗಾರದ ಛತ್ರಿ, ಅದರ ಗೆಜ್ಜೆ ಗಾಳಿಗೆ ಆಡುವ ಸದ್ದು. ಅವನು ಕಾಲ್ಬೆರಳ ತುದಿಯ ಮೇಲೆ ನಿಂತಿದ್ದ. ಅತ್ತೆ, ನಾನು, ರೊಟ್ಟಿ ಹಿಡಿದ ಸಿಪಾಯಿ, ಎಲ್ಲರ ಕುತ್ತಿಗೆ ಹಿಂದಕ್ಕೆ ಬಾಗಿತ್ತು. ಗೋಳಗುಮ್ಮಟದ ಕೆಳಗೆ ನಿಂತು ನೂರು ಸಲ ಮೇಲೆ ನೋಡಿದ್ದೇನೆ. ಬರಿಯ ಆಕಾಶ ನೋಡಿ ಅಷ್ಟು ಬೆರಗಾದದ್ದು ಅದೊಂದೇ ಸಲ.

ಬೆರಳು ಇಳಿಯಿತು. ಹೊರಗೆ ಬರುವಾಗ ಅತ್ತೆಯ ಮುಖ ಸಣ್ಣದಾಗಿತ್ತು.

“ಮಲ್ಲ್ಯಾ, ನೋಡಿ ಹೇಳ್ತೇನಿ ಅಂತ ಗೌಡ್ರ ಕಟ್ಟಿಮ್ಯಾಗ ಎಲ್ಲಾರ ಮುಂದ ಆಡಿ ಬಂದೇನಿ. ಇದ್ದಿಲ್ಲ ಅಂದ್ರ ಅವರು ಸುಳ್ಳರಾಗ್ತಾರ. ಐತಿ ಅಂದ್ರ ನಾ ಸುಳ್ಳಿ ಆಗ್ತೇನಿ. ಏನ್ ಹೇಳಲಿ?”

ಮೆಟ್ಟಿಲಿನಿಂದ ಎತ್ತಿಕೊಂಡು ಬಂದಿದ್ದ ಕಾರ್ಡನ್ನು ನಾನು ಆಕೆಯ ಕೈಗೆ ಕೊಟ್ಟೆ.

ಐರಾವತಿ

ಮೂರನೆಯ ದಿನ ಕುದುರೆಗಾಡಿಯಲ್ಲಿ ಸೇತುವೆಗೆ ಹೋದೆವು. ಹೊಳೆ ಕಂಡಿತು. ಇದಕ್ಕೆ ಹೊಳೆ ಎನ್ನುವುದಾದರೆ ನಮ್ಮ ಡೋಣಿಗೆ ಬೇರೆ ಶಬ್ದ ಹುಡುಕಬೇಕು. ನೀರು ಸದ್ದಿಲ್ಲದೆ ಹೋಗುತ್ತಿತ್ತು, ಆಚೆ ದಂಡೆಯ ಗುಡ್ಡದ ಮೇಲೆ ಬೆಳ್ಳಗಿನ ಗುಡಿಗಳು ಕಾಣುತ್ತಿದ್ದವು. ಮನುಷ್ಯರು ಕಾಣುತ್ತಿರಲಿಲ್ಲ. ಅತ್ತೆ ಹಣೆಗೆ ಕೈ ಹಚ್ಚಿ ಬಹಳ ಹೊತ್ತು ಹುಡುಕಿದಳು, ಒಬ್ಬನಾದರೂ ಕಂಡಾನೆಂಬ ಅಂಜಿಕೆಯಿಂದ. ಯಾರೂ ಕಾಣದಿದ್ದಾಗ ಆಕೆಯ ಮುಖ ಅರಳಿತು.

ಆಮೇಲೆ ಸೇತುವೆ. ಕಾರ್ಡಿನಲ್ಲಿ ಅದು ಈ ದಂಡೆಯಿಂದ ಆ ದಂಡೆಗೆ ಒಂದೇ ಸಮ ಹೋಗಿತ್ತು. ಈಗ ನಡುವೆ ತುಂಡಾಗಿತ್ತು. ಹಿಂದಕ್ಕೆ ಸರಿಯುವ ದಂಡು ವೈರಿ ದಾಟಬಾರದೆಂದು ಅದನ್ನು ಸಿಡಿಸಿ ಹೋಗಿತ್ತು. ಕಬ್ಬಿಣದ ತೊಲೆಗಳು ನೀರಿಗೆ ಬಿದ್ದಿದ್ದವು. ಊ ಟಿನ್ ಮುಖ ತಿರುಗಿಸಿ ನಿಂತ. ಅತ್ತೆ ಮಾತ್ರ ಶಾಂತವಾಗಿ ನೋಡುತ್ತ, ಬಾರಾಕಮಾನಿಗೆ ಅಂದ ಹಾಗೆಯೇ ಅಂದಳು:

“ಕೆಲಸ ನಿಂತೈತಿ.”

ಏನೆಂದರು ಎಂದು ಊ ಟಿನ್ ನನ್ನನ್ನು ಕೇಳಿದ. ನನ್ನ ದಖನಿ ಅವಸರದಲ್ಲಿ ಕೈಕೊಟ್ಟಿತು. ನಮ್ಮ ‘ನಿಂತೈತಿ’ಗೆ ಎರಡು ಮುಖ. ಮಳೆಯೂ ನಿಲ್ಲುತ್ತದೆ, ಗುಡಿಯೂ ನಿಲ್ಲುತ್ತದೆ. ‘ರುಕಾ ಹೈ’ ಎನ್ನಬೇಕಾದವನು ನಾನು “ಖಡಾ ಹೈ” ಎಂದುಬಿಟ್ಟೆ. ಎದ್ದು ನಿಂತಿದೆ ಎಂದ ಹಾಗಾಯಿತು.

ಮುದುಕ ಬೆಚ್ಚಿ ನನ್ನನ್ನು ನೋಡಿದ. ಅತ್ತೆಯನ್ನು ನೋಡಿದ. ಆಮೇಲೆ, ಅಷ್ಟು ಹೊತ್ತು ನೋಡಲೊಲ್ಲದ ಸೇತುವೆಯ ಕಡೆ ತಿರುಗಿದ. ನಾನು ತಪ್ಪು ತಿದ್ದಿಕೊಳ್ಳಲು ಬಾಯಿ ತೆಗೆದೆ, ಅವನು ಕೈಯೆತ್ತಿ ತಡೆದ.

“ಹಾಂ ಜೀ. ಖಡಾ ಹೈ,” ಎಂದ. “ಬಿದ್ದದ್ದು ಮೇಲಿನ ಕಬ್ಬಿಣ. ಕೆಳಗೆ ನೋಡಿರಿ. ಕಂಬ ನಿಂತಿವೆ.”

ನಿಜವಾಗಿ ನಿಂತಿದ್ದವು. ಹೊಳೆಯ ನಡುವೆ, ಮೇಲೆ ಹೊರೆಯಿಲ್ಲದ ಕಡೆಯಲ್ಲಿಯೂ, ಮಾವನ ಕಂಬಗಳು ನೀರನ್ನು ಸೀಳುತ್ತ ನಿಂತಿದ್ದವು. ಅತ್ತೆಗೆ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ.

“ಖೋಡಿ, ನಾ ಅಂದದ್ದು ಅದಲ್ಲೋ!” ಎಂದು ನಕ್ಕಳು. ನಗುತ್ತಲೇ ಕಣ್ಣು ತುಂಬಿದವು. “ಇರ್ಲಿ ಬಿಡು. ಹಂಗ ಅಂದ್ರೂ ಖರೇನs ಆತು.” ದಂಡೆಗೆ ಇಳಿದು ಬೊಗಸೆ ನೀರು ತೆಗೆದುಕೊಂಡು ಕಣ್ಣಿಗೆ ಹಚ್ಚಿಕೊಂಡಳು, ಕುಡಿದಳು. “ಸಿಹಿ ಅದಾವ,” ಎಂದಳು.

ಹೊರಡುವ ದಿನ ಅಂಗಡಿಯಲ್ಲಿ ಅತ್ತೆ ಮೇಣಗಪಡದ ಗಂಟನ್ನು ಊ ಟಿನ್‌ನ ಕೈಯಲ್ಲಿಟ್ಟಳು. ನನ್ನ ಸಿಟ್ಟು ಮೂಗು ದಾಟಿತು.

“ಅತ್ತಿ, ತಲಿ ಕೆಟ್ಟೈತೇನು? ಇವನ್ನೂ ಕೊಟ್ರ ಚನ್ನಬಸಪ್ಪಗ ಏನ್ ತೋರಸ್ತಿ?”

“ಇವನ್ನ ತೋರ್ಸಿದ್ರ ಆವಾಗರೆ ನಂಬಿದ್ನೇನು? ಊರು ಊರಾಗs ಇರ್ಲಿ, ಯಪ್ಪಾ. ಇವರು ನೋಡ್ಕೋತ ಕಟ್ಟಲಿ.”

ಊ ಟಿನ್ ಮೊಣಕಾಲೂರಿ ಗಂಟನ್ನು ತಲೆಯ ಮೇಲಿಟ್ಟುಕೊಂಡ. ನಾನು ಬೇರೆ ಕಡೆ ನೋಡಿದೆ, ಕಣ್ಣಿನಲ್ಲಿ ಏನೋ ಬಿದ್ದಿತ್ತು.

ಮತ್ತೆ ಬಬಲೇಶ್ವರ

ನಾವು ಬಂದ ಸುದ್ದಿ ನಮಗಿಂತ ಮುಂಚೆ ಊರು ಮುಟ್ಟಿತ್ತು. ಗೌಡರ ಕಟ್ಟೆ ತುಂಬಿತ್ತು. ಚನ್ನಬಸಪ್ಪ ರುಮಾಲು ಸರಿಮಾಡಿಕೊಂಡು ಗಂಟಲು ಕೆಮ್ಮಿದ.

“ಏನ್ ಗಂಗವ್ವ, ಬಂಗಾರದ ಅರಮನಿ ನೋಡಿದ್ಯೇನ್ ಬೇ?”

ಅತ್ತೆ ಕಟ್ಟೆಯ ಮುಂದೆ ಚಪ್ಪಲಿ ಬಿಟ್ಟು ನಿಂತಳು.

“ಅದು ಸುಟ್ಟೈತ್ರಿ, ಅಣ್ಣಾರ. ಲಡಾಯ್ಯಾಗ ಸುಟ್ಟೈತಿ. ಕಟ್ಟಿ ಅಷ್ಟs ಉಳದೈತಿ.”

ಯಾರೋ ಕಿಸಕ್ಕೆಂದರು. ಅತ್ತೆ ಅದನ್ನು ಕೇಳಿಸಿಕೊಳ್ಳಲಿಲ್ಲ. “ಇಲ್ಲಿ ಒಂದನೇ ಮಾಡ ಇತ್ರಿ,” ಎಂದು ಬೆರಳೆತ್ತಿದಳು. ಬೆರಳು ಒಳಕ್ಕೆ ಸರಿದು ಮೇಲೇರಿತು. ಎರಡನೆಯದು. ಮೂರನೆಯದು. ಬೇವಿನ ಗಿಡ ದಾಟಿ, ಗೌಡರ ಮಾಳಿಗೆ ದಾಟಿ ಬೆರಳು ಹೋಗುತ್ತಲೇ ಇತ್ತು. ಅತ್ತೆ ಕಾಲ್ಬೆರಳ ತುದಿಯ ಮೇಲೆ ನಿಂತಳು. “ತುದಿಗಿ ಬಂಗಾರದ ಛತ್ರಿ. ಅದಕ್ಕ ಗೆಜ್ಜಿ. ಗಾಳಿ ಬಂದ್ರ ಸಪ್ಪಳಾಗತಿತ್ತು.”

ನಾನು ಅತ್ತೆಯನ್ನು ಬಿಟ್ಟು ಕಟ್ಟೆಯನ್ನು ನೋಡಿದೆ. ಎಲ್ಲರ ತಲೆ ಹಿಂದಕ್ಕೆ ಬಾಗಿತ್ತು. ಬಾಯಿ ತೆರೆದಿದ್ದವು. ಚನ್ನಬಸಪ್ಪನ ರುಮಾಲು ಹಿಂದಕ್ಕೆ ಜಾರಿ ಕಟ್ಟೆಯ ಕೆಳಗೆ ಬಿತ್ತು, ಅವನಿಗೆ ತಿಳಿಯಲಿಲ್ಲ.

“ಮತ್ತ ಸೇತುವಿ?” ಎಂದು ಕೇಳಿದಾಗ ಅವನ ದನಿ ಬದಲಾಗಿತ್ತು.

ಅತ್ತೆ ನನ್ನ ಕಡೆ ನೋಡಿದಳು. ಈ ಸಲ ನಾನು ತಪ್ಪದೆ ಹೇಳಿದೆ, “ನಿಂತೈತ್ರಿ.”

ಆ ವಾರವೇ ಅತ್ತೆ ಬಾಗಿಲ ಮುಂದೆ ಕಟ್ಟಿಗೆಯ ಗೂಡು ಮಾಡಿಸಿ ಎರಡು ಮಡಕೆ ನೀರು ತುಂಬಿಟ್ಟು ಚಿಪ್ಪಿನ ಸೌಟು ಬೋರಲು ಹಾಕಿದಳು. ಬೇಸಿಗೆ ಇನ್ನೂ ದೂರವಿತ್ತು. ನಾನು ಮುಂದಿನ ಸಂತೆಗೆ ಹೋದಾಗ ಚನ್ನಬಸಪ್ಪ ಅದೇ ಸೌಟಿನಿಂದ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದ. ಕಾಖಂಡಕಿಯಿಂದ ಸಂತೆಗೆ ಬಂದ ಯಾರೋ ಇಬ್ಬರು ನಡೆದು ಬಸವಳಿದು, ಕುಡಿಯಲಿಕ್ಕೆ ನೀರು ಎಲ್ಲಿ ಸಿಗುತ್ತವೆಂದು ಅವನನ್ನು ಕೇಳಿದರು.

“ಇಲ್ಲೇ ಬರ್ರಿ,” ಎಂದು ಅವನು ಕೈ ಬೀಸಿ ಕರೆದ. “ಬರ್ಮಾದವರ ಮನಿ ನೀರು, ತಣ್ಣಗ ಅದಾವ.”

ಒಳಗೆ ಮೊಮ್ಮಗನಿಗೆ ಬರೆಯುವ ಪಾಟಿ ಕೊಡುತ್ತಿದ್ದ ಅತ್ತೆಯ ಕೈ, ‘ಬುರುಡಿ’ ಇಲ್ಲದ ಆ ಹೆಸರು ಕೇಳಿ ಗಕ್ಕನೆ ನಿಂತಿತು.